ಕರ್ನಲ್ ವೀಕ್ಸ್ ಎಲ್ಲಿಗೆ ಹೋದರು?

ಬದಿಯಡ್ಕದ ಓದುಗರೊಬ್ಬರ ಪತ್ರದ ಸಾರ: ಅಟ್ಟ ಖಾಲಿ ಮಾಡುವಾಗ ಹಳೆಯ ಇಂದ್ರಜಾಲ ಕಾಮಿಕ್ಸಿನ ಕಟ್ಟು ಸಿಕ್ಕಿದೆ. ಕೆಲವು ಕನ್ನಡ, ಕೆಲವು ಮಲಯಾಳಂ. ಗೆಳೆಯರೆಲ್ಲ ಸೇರಿ ಮತ್ತೆ ಓದುತ್ತಿದ್ದಾರೆ. ಒಂದು ಸಂಚಿಕೆಯಲ್ಲಿ ಮುಖವಾಡದ ನಾಯಕ ಫ್ಯಾಂಟಮ್ ಗುಟ್ಟಾಗಿ ನಡೆಸುವ ಕಾಡಿನ ಪಡೆ ಜಂಗಲ್ ಪ್ಯಾಟ್ರೋಲ್‌ಗೆ ವೀಕ್ಸ್ ಕರ್ನಲ್, ಮುಂದಿನದರಲ್ಲಿ ವೊರೊಬು, ಅದರಾಚೆ ಮತ್ತೆ ವೀಕ್ಸ್. ಫ್ಯಾಂಟಮ್‌ನನ್ನು ಮದುವೆಯಾದ ಡಯಾನಾ ಮತ್ತೆ ಅವಿವಾಹಿತೆ. ‘ಬರೆದವರಿಗೆ ಪೋಷಕ ಪಾತ್ರಗಳೆಂದರೆ ಇಷ್ಟು ಅಸಡ್ಡೆಯೇ? ಅವರ ಪಟ್ಟಿ ಮಾಡುವುದು ಹೇಗೆ? ಪುಸ್ತಕ ಉಳಿಸುವುದು ಹೇಗೆ? ಕೆಲವು ಪುಟಗಳನ್ನು ನೀವು ಮರುಮುದ್ರಿಸುತ್ತೀರಾ?’

ಸಂಪಾದಕರ ಉತ್ತರ:

ಅಸಡ್ಡೆ ಫ್ಯಾಂಟಮ್ ಬರೆದ ಲೀ ಫಾಕ್ ಅವರದ್ದಲ್ಲ. ಫ್ಯಾಂಟಮ್‌ನ ದಿನಪಟ್ಟಿ (ದಿನಕ್ಕೊಂದು ಸಾಲಿನ ಚಿತ್ರಕಥೆ) ಅಮೆರಿಕದ ಪತ್ರಿಕೆಗಳಲ್ಲಿ ಶುರುವಾದದ್ದು 1936ರಲ್ಲಿ, ಭಾನುವಾರದ ಬಣ್ಣದ ಪಟ್ಟಿ 1939ರಲ್ಲಿ. ಎರಡರ ಕಥೆಗಳೂ ಬೇರೆ ಬೇರೆಯಾಗಿ, ಏಕಕಾಲಕ್ಕೆ ಸಾಗುತ್ತಿದ್ದವು. ಇಂದ್ರಜಾಲ ಬಂದದ್ದು 1964ರ ಮಾರ್ಚಿನಲ್ಲಿ, ನಿಂತದ್ದು 1990ರಲ್ಲಿ. ಅಷ್ಟರೊಳಗೆ ಹಳೆಯ ಕಥೆ, ಹೊಸ ಕಥೆ, ದಿನದ್ದು, ಭಾನುವಾರದ್ದು ಎಲ್ಲವನ್ನೂ ಕಲಸಿಯೇ ಅಚ್ಚು ಹಾಕಿದರು. ಸಂಚಿಕೆ ಸಂಖ್ಯೆ ಹಿಡಿದು ಓದಿದರೆ ವೀಕ್ಸ್ ನಿವೃತ್ತರಾಗಿ ಮರಳಿ ಕೆಲಸಕ್ಕೆ ಬಂದಂತೆ ಕಾಣುವುದು ಅದಕ್ಕೇ.

ಆದ್ದರಿಂದ ಮೊದಲು ಸಂಖ್ಯೆ ಮರೆತು ಚಿತ್ರ ನೋಡಿ ಕಟ್ಟನ್ನು ವಿಂಗಡಿಸಿ. ಕಪ್ಪು ನೆರಳು ದಟ್ಟವಾಗಿ, ಮುಖಗಳು ಅರೆಗತ್ತಲಲ್ಲಿದ್ದರೆ ಚಿತ್ರಕಾರ ರೇ ಮೂರ್. ಗೆರೆ ಸರಳ, ಮುಖ ದುಂಡಗೆ, ಹಿನ್ನೆಲೆ ಬೋಳಾಗಿದ್ದರೆ ವಿಲ್ಸನ್ ಮೆಕಾಯ್; ಅವರು ತೀರಿಕೊಂಡದ್ದು 1961ರಲ್ಲಿ. ಸ್ನಾಯು, ಬಟ್ಟೆಯ ಮಡಿಕೆ, ಮರದ ಬೇರು ಎಲ್ಲವೂ ನಿಜವೆನ್ನುವಂತಿದ್ದರೆ ಸೈ ಬ್ಯಾರಿ, 1994ರವರೆಗೆ. ನಿಮ್ಮ ಕಟ್ಟಿನಲ್ಲಿ ಹೆಚ್ಚಿನವು ಇವರದ್ದೇ ಇರಬೇಕು. ಇವರ ಕಥೆಗಳನ್ನು ಇನ್ನೂ ಸಣ್ಣದಾಗಿ ಬಿಡಿಸಲು ಕಥೆಯೊಳಗೇ ಗುರುತುಗಳಿವೆ. ವೀಕ್ಸ್ ಇದ್ದರೆ ಹಿಂದಿನದು, ವೊರೊಬು ಇದ್ದರೆ ಮುಂದಿನದು. ಲುವಾಗ ಅಧ್ಯಕ್ಷನಾಗಿದ್ದರೆ ವಸಾಹತು ಅಧಿಕಾರಿಗಳ ಕಾಲ ಮುಗಿದಿದೆ. ಮದುವೆ 1977ರದ್ದು, ಅವಳಿ ಮಕ್ಕಳಾದ ಕಿಟ್ ಮತ್ತು ಹೆಲೊಯ್ಸ್ ಹುಟ್ಟಿದ್ದು 1979ರಲ್ಲಿ. ಮದುವೆಯ ಸಂಚಿಕೆ ಕಟ್ಟಿನಲ್ಲಿದ್ದರೆ ಅದನ್ನು ಮಧ್ಯಕ್ಕಿಟ್ಟು ಉಳಿದವನ್ನು ಆಚೀಚೆ ಜೋಡಿಸುತ್ತ ಹೋಗಿ. ಫಾಕ್ ಅವರದೇ ಇನ್ನೊಂದು ಚಿತ್ರಕಥೆಯ ಜಾದೂಗಾರ ಮಾಂಡ್ರೇಕ್, ಅವನ ಗೆಳೆಯ ಲೋಥಾರ್ ಸಹ ನೆಂಟರಾಗಿ ಬಂದಿರುವ ಕಥೆ ಅದು. ಹಾಜರಿ ತೆಗೆದುಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಪಾತ್ರಗಳು ಮಾಸಿಹೋಗಲು ಇನ್ನೊಂದು ಕಾರಣ ಕತ್ತರಿ. ದಿನಪಟ್ಟಿಯ ಮೊದಲ ಚೌಕ ಹಿಂದಿನ ದಿನದ್ದನ್ನು ನೆನಪಿಸುತ್ತದೆ. ಪುಸ್ತಕಕ್ಕೆ ಅದು ಬೇಡ, ತೆಗೆದದ್ದು ಸರಿ. ಆದರೆ ಪುಟ ಸಾಲದಾಗ ಕಥೆಯನ್ನು ಮುಂದಕ್ಕೆ ತಳ್ಳದ ಚೌಕಗಳೂ ಹೋದವು. ಅಲ್ಲಿ ಮಾತಾಡುತ್ತಿದ್ದವರು ಯಾರು? ಗುರಾನ್, ಡಯಾನಾಳ ಅಂಕಲ್ ಡೇವ್, ಡಾಕ್ಟರ್ ಆಕ್ಸೆಲ್, ಮುದುಕ ಮೊಝ್. ಕತ್ತರಿ ಆಡಿದ ಜಾಗ ಹಿಡಿಯುವುದು ಕಷ್ಟವಲ್ಲ. ಪರಿಚಯವೇ ಇಲ್ಲದೆ ಒಬ್ಬ ಹಿನ್ನೆಲೆಯಲ್ಲಿ ನಿಂತಿರುತ್ತಾನೆ, ಪ್ರಶ್ನೆಯಿಲ್ಲದೆ ಉತ್ತರ ಬರುತ್ತದೆ, ಚೌಕವೊಂದು ಅಕ್ಕಪಕ್ಕದವಕ್ಕಿಂತ ಅಗಲವಾಗಿದ್ದು ಅದರ ತುದಿಯಲ್ಲಿ ಬರೀ ಬಣ್ಣ ತುಂಬಿರುತ್ತದೆ. ಒಂದೇ ಕಥೆ ಎರಡೂ ಭಾಷೆಯಲ್ಲಿದ್ದರೆ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದರಲ್ಲಿ ಬಿಟ್ಟುಹೋದ ಹೆಸರು ಇನ್ನೊಂದರಲ್ಲಿ ಸಿಕ್ಕೀತು. ಕಾಸರಗೋಡಿನವರಿಗೆ ಎರಡೂ ಲಿಪಿ ಬರುವುದರ ಲಾಭ ಇಲ್ಲಿದೆ.

ಪಟ್ಟಿಗೆ ಪಾತ್ರಕ್ಕೊಂದು ಕಾರ್ಡು ಸಾಕು: ಸಂಚಿಕೆ, ಪುಟ, ಚೌಕ, ಹೆಸರಿಟ್ಟು ಕರೆದಿದ್ದಾರೋ ಇಲ್ಲವೋ, ಏನು ಮಾಡಿದ. ಮೂಲದ ಹೆಸರಿಗೂ ಒಂದು ಸಾಲು ಬಿಡಿ. ಫ್ಯಾಂಟಮ್‌ನ ನಾಡಾದ ಮೂಲದ ಬೆಂಗಾಲಿಯನ್ನು ಇಂದ್ರಜಾಲ ಡೆಂಕಾಲಿ ಮಾಡಿತು, ಸಿಂಗ್ ಕಡಲ್ಗಳ್ಳರು ಸಿಂಗ ಆದರು, ಫ್ಯಾಂಟಮ್‌ನ ತಂದೆಯನ್ನು ಕೊಂದ ರಾಮ ‘ರಾಮಲು’ ಆದ. ಇದನ್ನು ಬರೆದಿಡದಿದ್ದರೆ ಒಬ್ಬನಿಗೇ ಎರಡು ಕಾರ್ಡು ಬೀಳುತ್ತದೆ.

ಯಾರಿಂದ ಶುರು ಮಾಡಬೇಕೆಂದರೆ, ನಮ್ಮ ಮತ ಲಮಾಂಡ ಲುವಾಗನಿಗೆ. ವೈದ್ಯ, ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷನಾದವನು. ಅವನ ಕುರ್ಚಿಗೆ ಕಣ್ಣು ಹಾಕಿದವನು ಜನರಲ್ ಬಬಾಬು. ಮುಖವಾಡದವನ ಕಥೆಯಲ್ಲಿ ಮತಪೆಟ್ಟಿಗೆಗೂ ಜಾಗ ಸಿಕ್ಕಿದ್ದು ಈತನಿಂದ. ವೊರೊಬುವಿನ ಸ್ಥಿತಿ ಇನ್ನೂ ತಮಾಷೆ: ಇಡೀ ಪಡೆಯ ಕರ್ನಲ್, ಆದರೆ ತನ್ನ ಮೇಲಧಿಕಾರಿ ಯಾರೆಂದೇ ಗೊತ್ತಿಲ್ಲ. ಫ್ಯಾಂಟಮ್‌ನ ಆಜ್ಞೆ ಬರುವುದು ಕಚೇರಿಯ ತಿಜೋರಿಯೊಳಗೆ, ಅದರ ತಳಕ್ಕೆ ಸುರಂಗದಿಂದ ದಾರಿ. ಗುರಾನ್ ಮರೆತುಹೋದವನಲ್ಲ, ಕುಗ್ಗಿಸಲ್ಪಟ್ಟವನು. ಬಾಲ್ಯದ ಗೆಳೆಯ, ಬಾಂಡರ್ ಜನರ ನಾಯಕ. ಆದರೂ ‘ವಿಷಬಾಣದ ಕುಳ್ಳರು’ ಎಂಬ ಬಿಳಿಯರ ಕಣ್ಣಿನ ಚೌಕಟ್ಟಿನಿಂದ ಅವನನ್ನು ಪೂರ್ತಿ ಹೊರಗೆ ತರಲಿಲ್ಲ. ಅದನ್ನೂ ಕಾರ್ಡಿನಲ್ಲಿ ಬರೆಯಿರಿ.

ಇನ್ನು ಪುಸ್ತಕದ ಆರೈಕೆ. ಅಗ್ಗದ ಕಾಗದದಲ್ಲಿ ಆಮ್ಲವಿದೆ, ಹಳದಿಯಾಗುವುದನ್ನು ನಿಧಾನಿಸಬಹುದು, ನಿಲ್ಲಿಸಲಾಗದು. ನಮ್ಮ ಕರಾವಳಿಯಲ್ಲಿ ಮೊದಲು ಕೈಕೊಡುವುದು ಪಿನ್ನು. ತುಕ್ಕು ಸುತ್ತಲಿನ ಕಾಗದವನ್ನೇ ತಿನ್ನುತ್ತದೆ. ಹೊರಗಿನಿಂದ ಎಳೆದರೆ ಬೆನ್ನು ಹರಿಯುತ್ತದೆ. ನಡುಪುಟ ತೆರೆದು, ಮೊಂಡು ಚಾಕುವಿನಿಂದ ಪಿನ್ನಿನ ಕಾಲುಗಳನ್ನು ನೆಟ್ಟಗೆ ಮಾಡಿ, ಆಮೇಲೆ ಹಿಂದಕ್ಕೆ ಜಾರಿಸಿ. ಅದೇ ತೂತುಗಳಲ್ಲಿ ಬಿಳಿ ಹತ್ತಿ ನೂಲಿನ ಹೊಲಿಗೆ ಹಾಕಿ, ಸಡಿಲವಾಗಿ. ಸೆಲೋಟೇಪ್ ಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.

ಬೂಷ್ಟು ಕಂಡರೆ ಬಿಸಿಲಿಗೆ ಹಾಕಬೇಡಿ, ಬಣ್ಣ ಹಾರುತ್ತದೆ. ನೆರಳಲ್ಲಿ ಗಾಳಿಗಿಟ್ಟು, ಒಣಗಿದ ಮೇಲೆ ಮೃದು ಬ್ರಷ್‌ನಿಂದ ಹೊರಗಡೆ ಕೂತು ಒರೆಸಿ, ಮೂಗಿಗೆ ಮಾಸ್ಕ್ ಇರಲಿ. ಬೆಳ್ಳಿಮೀನು ಹುಳ ಇದ್ದರೆ ಜಿಪ್ ಚೀಲದಲ್ಲಿ ಗಾಳಿ ಹೊರದೂಡಿ ಮುಚ್ಚಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ; ಬಿಚ್ಚಿದರೆ ಬೆವರು ನೇರ ಪುಟದ ಮೇಲೆ ಕೂರುತ್ತದೆ. ಅನಂತರ ಪಾಲಿಪ್ರೊಪಿಲೀನ್ ಕವರಿನಲ್ಲಿ ಹಾಕಿ ಬಿಗಿ ಮುಚ್ಚಳದ ಪೆಟ್ಟಿಗೆಯಲ್ಲಿಡಿ. ಪಿವಿಸಿ ಕವರು ಅಂಟಿಕೊಳ್ಳುತ್ತದೆ. ಮಳೆಗಾಲಕ್ಕೆ ಒಳಗೆ ಸಿಲಿಕಾ ಜೆಲ್ ಇರಲಿ, ಹರಳಿನ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಬಳಸಿ. ಆರ್ದ್ರತೆ 65 ಶೇಕಡಾ ದಾಟಿದರೆ ಬೂಷ್ಟು ಮರಳುತ್ತದೆ, ಪುಟ್ಟ ಮಾಪಕ ಒಂದನ್ನು ಪೆಟ್ಟಿಗೆಯಲ್ಲೇ ಇಡಿ. ಅಟ್ಟಕ್ಕೆ ಮಾತ್ರ ವಾಪಸು ಹೋಗುವುದು ಬೇಡ.

ನಿಮ್ಮ ಟಿಪ್ಪಣಿಗೆ ಸ್ಕ್ಯಾನ್ ಮಾಡುವುದಾದರೆ 400 ಡಿಪಿಐ, ಪುಟದ ಹಿಂದೆ ಕಪ್ಪು ಕಾಗದ. ಇಲ್ಲವಾದರೆ ಹಿಂಬದಿಯ ಅಚ್ಚು ಈಚೆ ಕಾಣುತ್ತದೆ. ಬೆನ್ನನ್ನು ಗಾಜಿಗೆ ಒತ್ತಬೇಡಿ.

ಪುಟಗಳ ಮರುಮುದ್ರಣ ನಮ್ಮಿಂದಾಗದು. ಫ್ಯಾಂಟಮ್‌ನ ಹಕ್ಕು ಅಮೆರಿಕದ ಕಿಂಗ್ ಫೀಚರ್ಸ್ ಸಂಸ್ಥೆಯ ಕೈಯಲ್ಲಿದೆ. ನಿಮ್ಮ ಪಾತ್ರಸೂಚಿ ನಿಮ್ಮದೇ ಬರಹ, ಅದಕ್ಕೆ ತಡೆಯಿಲ್ಲ. ಲುವಾಗ ಮತ್ತು ವೊರೊಬು ಕಾರ್ಡುಗಳು ಮುಗಿದ ಕೂಡಲೇ ಸಂಚಿಕೆ, ಪುಟಸಂಖ್ಯೆ ಸಮೇತ ಕಳಿಸಿ, ಚಿತ್ರವಿಲ್ಲದೆಯೇ ಪ್ರಕಟಿಸುತ್ತೇವೆ.