ಹಸಿರಾದ ಕೊಳಕ್ಕೆ ಬೇಕಾದದ್ದು ಉಪ್ಪಲ್ಲ

ಪ್ರೀತಿಯ ತಂಗಿಗೆ,

ನಿಮ್ಮ ಪತ್ರ ಕೈಸೇರಿದಾಗ ನಾನು ಸಕಲೇಶಪುರದಲ್ಲಿ, ತವರುಮನೆಯ ಜಗಲಿಯಲ್ಲಿದ್ದೆ. ಹೂಮಳೆ ಬಿದ್ದು ಹತ್ತು ದಿನವಾಗಿ, ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿ ನಿಂತಿದೆ. ಜನವರಿಯಲ್ಲಿ ಕೊಪ್ಪದಿಂದ ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಬಂದ ನೀವು ಬಾಡಿಗೆಗೆ ಹಿಡಿದ ಮನೆಯ ಹಿಂದೆ ಉಪ್ಪುನೀರಿನ ಈಜುಕೊಳವಿದೆಯೆಂದೂ, ಎಲ್ಲವನ್ನೂ ಯಂತ್ರವೇ ನೋಡಿಕೊಳ್ಳುತ್ತದೆ ಎಂದು ಮನೆ ತೋರಿಸಿದವರು ಹೇಳಿದ್ದರೆಂದೂ, ಹೋದ ವಾರದ ಗುಡುಗುಮಳೆಯ ನಂತರ ನೀರು ಹಸಿರಾಗಿದೆಯೆಂದೂ ಬರೆದಿದ್ದೀರಿ. ಇನ್ನೆರಡು ಮೂಟೆ ಉಪ್ಪು ಸುರಿಯುವುದೋ, ಇಲ್ಲವೇ ಈ ಉಸಾಬರಿಯೇ ಬೇಡವೆಂದು ಬೇರೆ ಮನೆ ನೋಡುವುದೋ ಎಂಬುದು ನಿಮ್ಮ ಪ್ರಶ್ನೆ. ಮನೆ ಬಿಡಬೇಡಿ. ಉಪ್ಪನ್ನೂ ಸದ್ಯಕ್ಕೆ ಸುರಿಯಬೇಡಿ.

ನಿಮ್ಮದು ಅಡಿಕೆ ತೋಟದ ಮನೆಯಾದ್ದರಿಂದ, ಮುಂಗಾರಿಗೆ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕೂಡಿಸುವುದನ್ನು ಖಂಡಿತ ನೋಡಿರುತ್ತೀರಿ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಎಲ್ಲರಿಗೂ ಗೊತ್ತಿದ್ದರೂ, ಹಿರಿಯರು ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ, ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಸೇರಿಸಿ, ಹದ ಬಂದ ಮೇಲೆಯೇ ಸಿಂಪಡಿಸಲು ಬಿಡುತ್ತಿದ್ದರು. ಕೊಳದ ನೀರಿಗೂ ಬೇಕಾದದ್ದು ಅದೇ ಹದ. ಅಲ್ಲಿ ಕತ್ತಿಯ ಬದಲು ಪರೀಕ್ಷೆಯ ಕಿಟ್ ಇರುತ್ತದೆ, ಅಷ್ಟೆ.

ಉಪ್ಪು ಅಲ್ಲಿ ಮಾಡುವ ಕೆಲಸವೇನೆಂದು ಮೊದಲು ಹೇಳುತ್ತೇನೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ, ಮನೆಯ ಕೊಳದಲ್ಲಿ ಇರುವುದು ಸಾಮಾನ್ಯವಾಗಿ 3ರಿಂದ 6 ಗ್ರಾಂ. ಪಂಪ್ ಓಡುವಾಗ ಈ ನೀರು ಕ್ಲೋರಿನೇಟರ್ ಎಂಬ ಯಂತ್ರದ ವಿದ್ಯುತ್ ಹರಿಯುವ ಟೈಟಾನಿಯಂ ಹಾಳೆಗಳ ನಡುವೆ ಹಾದುಹೋಗಿ, ಉಪ್ಪಿನಿಂದಲೇ ಕ್ಲೋರಿನ್ ಹುಟ್ಟುತ್ತದೆ. ಆ ಕ್ಲೋರಿನ್ ಪಾಚಿಯನ್ನೂ ರೋಗಾಣುಗಳನ್ನೂ ಕೊಂದು ಮತ್ತೆ ಉಪ್ಪಾಗಿಯೇ ನೀರಿಗೆ ಮರಳುವುದರಿಂದ ಉಪ್ಪು ಬೇಗ ಖರ್ಚಾಗುವುದಿಲ್ಲ; ಬಿಸಿಲಿಗೆ ನೀರು ಆವಿಯಾದರೂ ಉಪ್ಪು ಅಲ್ಲಿಯೇ ಉಳಿಯುತ್ತದೆ. ಅದು ಕಡಿಮೆಯಾಗುವುದು ನೀರು ತುಂಬಿ ಹೊರಗೆ ಹರಿದಾಗ, ಫಿಲ್ಟರನ್ನು ಬ್ಯಾಕ್‌ವಾಶ್ ಮಾಡಿದಾಗ (ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆದಾಗ), ಮಕ್ಕಳು ನೀರೆರಚಿದಾಗ.

ನಿಮ್ಮ ಮಳೆಯ ಲೆಕ್ಕವನ್ನೇ ನೋಡಿ. ಕೊಳ 8 ಮೀಟರ್ ಉದ್ದ, 4 ಮೀಟರ್ ಅಗಲವಿದ್ದು 50,000 ಲೀಟರ್ ಹಿಡಿಯುತ್ತದೆ ಎಂದುಕೊಳ್ಳೋಣ. 100 ಮಿ.ಮೀ. ಮಳೆ ಅದರ ಮೇಲೆ ಬಿದ್ದರೆ ಸೇರುವ ನೀರು 3,200 ಲೀಟರ್ ಮಾತ್ರ. ಅಷ್ಟು ನೀರು ತುಂಬಿ ಹರಿದುಹೋದರೂ ಉಪ್ಪು ಇಳಿಯುವುದು ನೂರಕ್ಕೆ ಆರರಷ್ಟು. ಆದ್ದರಿಂದ ನೀರು ಹಸಿರಾದದ್ದು ಉಪ್ಪಿನ ಕೊರತೆಯಿಂದಲ್ಲ. ಮಳೆಯೊಂದಿಗೆ ಬಂದ ಎಲೆ, ಧೂಳು, ಮಣ್ಣು ಇದ್ದ ಕ್ಲೋರಿನ್ ಅನ್ನು ತಿಂದುಹಾಕಿವೆ, ಮತ್ತು ಉಳಿದ ಕ್ಲೋರಿನ್‌ಗೆ ಕೆಲಸ ಮಾಡುವ ಶಕ್ತಿ ಇರಲಿಲ್ಲ. ಆ ಶಕ್ತಿಯನ್ನು ನಿರ್ಧರಿಸುವುದು ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ.

ಈ ಒಂದು ಮಾತನ್ನು ನಾನು ತಿಳಿದುಕೊಳ್ಳಲು ಇಡೀ ಒಂದು ಬೇಸಿಗೆ ಬೇಕಾಯಿತು. ಆ ದೇಶಕ್ಕೆ ಹೋದ ಮೂರನೆಯ ವರ್ಷ ನಾವು ಕೊಳವಿದ್ದ ಮನೆ ಕೊಂಡಾಗ, ನೀರು ಮಸುಕಾದಾಗಲೆಲ್ಲ ನಾನು ಕ್ಲೋರಿನೇಟರನ್ನು ಪೂರ್ತಿ ಏರಿಸುತ್ತಿದ್ದೆ, ಉಪ್ಪು ಸುರಿಯುತ್ತಿದ್ದೆ. ಮಗಳ ಕಣ್ಣು ಕೆಂಪಗಾಗುವುದು ನಿಲ್ಲಲಿಲ್ಲ. ಕೊನೆಗೆ ಉಪ್ಪು ಹೆಚ್ಚಾಗಿ ಯಂತ್ರವೇ ನಿಂತಿತು. ಪಕ್ಕದ ಮನೆಯ ಹಿರಿಯರೊಬ್ಬರು ತಮ್ಮ ಕಿಟ್ ತಂದು ಅಳೆದಾಗ ಪಿಎಚ್ 8.2 ಇತ್ತು. ನೀರಿನಲ್ಲಿರುವ ಕ್ಲೋರಿನ್‌ನಲ್ಲಿ ಚುರುಕಾಗಿ ಕೊಲ್ಲುವ ರೂಪದ್ದು ಪಿಎಚ್ 7.2ರಲ್ಲಿ ಸುಮಾರು ಮೂರನೇ ಎರಡು ಭಾಗ. 8ಕ್ಕೆ ಏರಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಉಪ್ಪಿನ ಕೊಳದ ಪಿಎಚ್ ತಾನಾಗಿಯೇ ಏರುತ್ತಿರುವುದು ಸಹಜ, ಏಕೆಂದರೆ ಕ್ಲೋರಿನೇಟರಿನಿಂದ ಏಳುವ ಹೈಡ್ರೋಜನ್ ಗುಳ್ಳೆಗಳು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೊರಕ್ಕೆ ಒಯ್ಯುತ್ತವೆ. ಯಂತ್ರ ಕ್ಲೋರಿನ್ ಮಾಡಿಕೊಡುತ್ತದೆ. ಪಿಎಚ್ ಅನ್ನು 7.2ರಿಂದ 7.6ರೊಳಗೆ ಹಿಡಿದಿಡುವ ಕೆಲಸ ಮನೆಯವರದ್ದೇ.

ಇಳಿಸಲು ಬಳಸುವುದು ಹೈಡ್ರೋಕ್ಲೋರಿಕ್ ಆಮ್ಲ. ಇದರ ವಿಷಯದಲ್ಲಿ ದಯವಿಟ್ಟು ನನ್ನ ಮಾತನ್ನು ಅಕ್ಷರಶಃ ಪಾಲಿಸಿ: ಕಣ್ಣು ಕಾಯುವ ರಕ್ಷಣಾ ಕನ್ನಡಕ, ಕೈಗವಸು ಹಾಕಿಕೊಂಡು, ಬಕೆಟ್ಟಿನ ನೀರಿಗೆ ಆಮ್ಲವನ್ನು ಹಾಕಬೇಕೇ ಹೊರತು ಆಮ್ಲದ ಮೇಲೆ ನೀರು ಹಾಕಬಾರದು, ಪಂಪ್ ಓಡುತ್ತಿರುವಾಗ, ಕೊಳದಲ್ಲಿ ಯಾರೂ ಇಲ್ಲದಾಗ, ಸ್ವಲ್ಪ ಸ್ವಲ್ಪವೇ ಸುರಿಯಬೇಕು. ಆಮ್ಲವನ್ನೂ ಕ್ಲೋರಿನ್ ಅನ್ನೂ ಎಂದೂ ಬೆರೆಸಬಾರದು, ಒಂದೇ ಕಪಾಟಿನಲ್ಲಿ ಇಡಲೂ ಬಾರದು. ಬೆರೆತರೆ ಏಳುವ ಅನಿಲ ಜೀವಕ್ಕೇ ಅಪಾಯ.

ಪಿಎಚ್ ಇವತ್ತು ಇಳಿದು ನಾಳೆ ಹಾರುತ್ತಿದ್ದರೆ ಆಲ್ಕಲಿನಿಟಿ, ಅಂದರೆ ಪಿಎಚ್ ಏರಿಳಿಯದಂತೆ ತಡೆಯುವ ನೀರಿನ ಗುಣ, ಕಡಿಮೆಯಿದೆಯೆಂದು ತಿಳಿಯಿರಿ. ಅದು 80ರಿಂದ 120 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಇರಬೇಕು. ಏರಿಸಲು ಅಡುಗೆ ಸೋಡಾ ಸಾಕು. 50,000 ಲೀಟರಿಗೆ 10 ಪಿಪಿಎಂ ಏರಿಸಲು ಸುಮಾರು 840 ಗ್ರಾಂ ಹಿಡಿಯುತ್ತದೆ. ಮೊದಲು ಇದನ್ನು ಸರಿಪಡಿಸಿ, ಪಿಎಚ್ ಅನ್ನು ಆಮೇಲೆ ಮುಟ್ಟಿ. ಇನ್ನು ಅಲ್ಲಿನ ಬಿಸಿಲು ನಮ್ಮ ಮಲೆನಾಡಿನ ಬಿಸಿಲಲ್ಲ. ಬಿಸಿಲಿನಿಂದ ಕ್ಲೋರಿನ್ ಅನ್ನು ಕಾಯುವ ಸ್ಟೆಬಿಲೈಸರ್ (ಸಯನ್ಯೂರಿಕ್ ಆಮ್ಲ) ಇಲ್ಲದ ಕೊಳದ ಕ್ಲೋರಿನ್ ಕೆಲವೇ ಗಂಟೆಗಳಲ್ಲಿ ಹಾರಿಹೋಗುತ್ತದೆ. ಸ್ಟೆಬಿಲೈಸರ್ 30ರಿಂದ 50 ಪಿಪಿಎಂ ಇದ್ದರೆ ಸಾಕು. ಅತಿಯಾದರೆ ಕ್ಲೋರಿನ್ ಮಂದವಾಗುತ್ತದೆ, ಇಳಿಸಲು ನೀರು ಬದಲಾಯಿಸದೆ ಬೇರೆ ದಾರಿಯಿಲ್ಲ. ಕ್ಯಾಲ್ಸಿಯಂ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಅರಸೀಕೆರೆಯ ಕಡೆ ಬೋರ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುವಂತೆ ಕ್ಲೋರಿನೇಟರಿನ ಹಾಳೆಗಳ ಮೇಲೂ ಕಟ್ಟಿದ್ದು ಕಂಡರೆ ಆಗ ನೋಡಿದರಾಯಿತು.

ಈ ವಾರ ಮಾಡಬೇಕಾದದ್ದು ಇಷ್ಟು. ಶುದ್ಧವಾದ ಬಾಟಲಿಯೊಂದನ್ನು ಬೋರಲಾಗಿ ಮೊಣಕೈ ಆಳಕ್ಕೆ ಇಳಿಸಿ, ಅಲ್ಲಿ ನೀರು ತುಂಬಿಸಿಕೊಂಡು ಕೊಳದ ಸಾಮಾನು ಮಾರುವ ಅಂಗಡಿಗೆ ಒಯ್ಯಿರಿ. ಅನೇಕ ಅಂಗಡಿಗಳಲ್ಲಿ ಪರೀಕ್ಷೆ ಉಚಿತ. ಅವರು ತೋರಿಸುವ ಬಾಟಲಿಗಳನ್ನೆಲ್ಲ ಕೊಳ್ಳಬೇಕಾಗಿಲ್ಲ, ಅಂಕಿಗಳ ಚೀಟಿಯನ್ನು ಮಾತ್ರ ತಪ್ಪದೆ ತನ್ನಿ. ಪಿಎಚ್ ಅನ್ನು 7.2ಕ್ಕೆ ಇಳಿಸಿ, ಗೋಡೆಗಳನ್ನು ಬ್ರಶ್‌ನಿಂದ ಉಜ್ಜಿ, ಸೂರ್ಯ ಮುಳುಗಿದ ಮೇಲೆ ದ್ರವ ಕ್ಲೋರಿನ್ ಹಾಕಿ. ಶೇಕಡಾ 12.5ರದ್ದಾದರೆ 50,000 ಲೀಟರಿಗೆ 4 ಲೀಟರ್ ಹಾಕಿದಾಗ 10 ಪಿಪಿಎಂ ಏರುತ್ತದೆ. ಹಸಿರು ಹೋಗುವವರೆಗೆ ಪಂಪ್ ನಿಲ್ಲಿಸದೆ ಓಡಲಿ, ನಡುವೆ ಫಿಲ್ಟರನ್ನು ಬ್ಯಾಕ್‌ವಾಶ್ ಮಾಡಿ. ತಳ ನಿಚ್ಚಳವಾಗಿ ಕಂಡು, ಕ್ಲೋರಿನ್ ಮತ್ತೆ 3 ಪಿಪಿಎಂ ಆಸುಪಾಸಿಗೆ ಇಳಿಯುವವರೆಗೆ ಯಾರನ್ನೂ ಇಳಿಸಬೇಡಿ. ಬಾಡಿಗೆ ಕರಾರಿನಲ್ಲಿ ಈ ಖರ್ಚು ಯಾರ ಪಾಲಿಗೆಂದು ಬರೆದಿದೆ ಎನ್ನುವುದನ್ನೂ ಓದಿ ನೋಡಿ.

ನಿಮ್ಮ ಮಗುವಿಗೆ ಮೂರು ವರ್ಷ ಎಂದಿದ್ದೀರಿ. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕಾನೂನಿನಂತೆ ಕೊಳದ ಸುತ್ತ ಕನಿಷ್ಠ 1.2 ಮೀಟರ್ ಎತ್ತರದ ಬೇಲಿ, ತಾನಾಗಿಯೇ ಮುಚ್ಚಿ ಚಿಲಕ ಬೀಳುವ ಗೇಟು ಇರಲೇಬೇಕು; ಮನೆಯನ್ನು ಬಾಡಿಗೆಗೆ ಕೊಡುವ ಮುನ್ನ ಮಾಲೀಕರು ಸುರಕ್ಷತಾ ಪ್ರಮಾಣಪತ್ರವನ್ನೂ ಪಡೆದಿರಬೇಕು. ಅದನ್ನು ಕೇಳಿ ಪಡೆಯಲು ಸಂಕೋಚ ಬೇಡ. ಬೇಲಿಯ ಬಳಿ ಕುರ್ಚಿ, ಹೂಕುಂಡ ಇಡಬೇಡಿ, ಗೇಟಿಗೆ ಕಲ್ಲು ಕೊಟ್ಟು ತೆರೆದಿಡಬೇಡಿ.

ಏಪ್ರಿಲ್ ಎರಡನೇ ವಾರ ನಾನು ಬ್ರಿಸ್ಬೇನ್‌ಗೆ ಮರಳುತ್ತೇನೆ. ಅಷ್ಟರೊಳಗೆ ಪ್ರತಿ ಶನಿವಾರ ಪಿಎಚ್, ಕ್ಲೋರಿನ್ ಅಳೆದು, ಹಾಕಿದ್ದೇನು, ಎಷ್ಟು ಎಂಬುದನ್ನು ತಾರೀಖಿನ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ. ನಾನು ಬಂದ ಮೊದಲ ಭಾನುವಾರ ಅದನ್ನು ಮುಂದಿಟ್ಟುಕೊಂಡು ಕೂರೋಣ.