ಮಗಳ ಮುನಿಸು ನಂಬುವಂಥದ್ದೇ

ನೀವು ಓದುತ್ತಿರುವ ಕಾದಂಬರಿಯಲ್ಲಿ ಲಂಡನ್ನಿನ ತಾಯಿ ಆರು ವರ್ಷದ ಮಗಳನ್ನು ಗುರುತು ಪರಿಚಯವಿಲ್ಲದವರ ಮನೆಗೆ ಕಳಿಸುತ್ತಾಳೆ, 1939ರ ಕ್ರಿಸ್‌ಮಸ್‌ಗೆ ಕರೆತಂದರೆ ಮಗಳು ಮಾತೇ ಆಡುವುದಿಲ್ಲ, ಇದನ್ನು ನಂಬಬಹುದೇ ಅಂತ ಕೇಳಿದ್ದೀರಿ. ಖಂಡಿತ ನಂಬಬಹುದು.

ಎರಡನೇ ಮಹಾಯುದ್ಧ ಶುರುವಾಗುತ್ತಿದ್ದಂತೆ, ಬಾಂಬ್ ದಾಳಿಯ ಭಯದಿಂದ, ಆ ವರ್ಷ ಸೆಪ್ಟೆಂಬರ್ 1ರಿಂದ ಕೆಲವೇ ದಿನಗಳಲ್ಲಿ ಬ್ರಿಟನ್ ಸರ್ಕಾರ ಸುಮಾರು 15 ಲಕ್ಷ ಜನರನ್ನು ನಗರಗಳಿಂದ ಸುರಕ್ಷಿತ ಊರುಗಳಿಗೆ ಸಾಗಿಸಿತು. ಹೆಚ್ಚಿನವರು ಮಕ್ಕಳೇ. ಕೋಟ್‌ಗೆ ಕಟ್ಟಿದ ಹೆಸರಿನ ಚೀಟಿ, ಹೆಗಲಲ್ಲಿ ಗ್ಯಾಸ್ ಮಾಸ್ಕಿನ ರಟ್ಟಿನ ಪೆಟ್ಟಿಗೆ. ಮಗು ಯಾರ ಮನೆ ಸೇರಿತು ಅನ್ನುವುದು ಎಷ್ಟೋ ತಾಯಂದಿರಿಗೆ ಅಲ್ಲಿಂದ ಕಾಗದ ಬರುವವರೆಗೂ ಗೊತ್ತಿರಲಿಲ್ಲ, ಪಾಪ. ಕಳಿಸುವುದು ಕಡ್ಡಾಯವೂ ಆಗಿರಲಿಲ್ಲ. ಅದಕ್ಕೇ ‘ನೀನೇ ತಾನೆ ಕಳಿಸಿದ್ದು’ ಅನ್ನುವ ಮಗಳ ಸಿಟ್ಟು ಅಷ್ಟು ನಾಟುತ್ತದೆ. ನಿರೀಕ್ಷಿಸಿದ ಬಾಂಬ್ ದಾಳಿ ಆಗದ್ದರಿಂದ ಆ ಕ್ರಿಸ್‌ಮಸ್ ಹೊತ್ತಿಗೆ ಬಹಳಷ್ಟು ಮಕ್ಕಳು ಮನೆಗೆ ಮರಳಿದ್ದೂ ನಿಜ. ಲಂಡನ್ನಿನ ಮೇಲೆ ಸತತ ದಾಳಿ ಶುರುವಾದದ್ದು 1940ರ ಸೆಪ್ಟೆಂಬರಿನಲ್ಲಿ.

ಕಾದಂಬರಿಯ ಆ ಕ್ರಿಸ್‌ಮಸ್ ಕೇಕಿಗೆ ಅಷ್ಟು ಸಕ್ಕರೆ ಎಲ್ಲಿಂದ ಬಂತು ಅಂತಲೂ ಕೇಳಿದ್ದಿರಲ್ಲ, ಸಕ್ಕರೆ, ಬೆಣ್ಣೆಗೆ ರೇಷನ್ ಬಂದದ್ದು 1940ರ ಜನವರಿ 8ಕ್ಕೆ. ಹಾಗಾಗಿ ಅಲ್ಲೂ ಲೇಖಕಿ ತಪ್ಪಿಲ್ಲ. ದಯವಿಟ್ಟು ಅರ್ಧಕ್ಕೆ ಬಿಡಬೇಡಿ, ಆ ತಾಯಿಯ ಮಾತನ್ನೂ ಪೂರ್ತಿ ಕೇಳಿ.