ವ್ಯಸನಮುಕ್ತಿ ಕೇಂದ್ರದ ಸಿಬ್ಬಂದಿ ಅಣ್ಣನನ್ನು ಹೊಡೆದಿದ್ದಾರೆ, ಮನೆಗೂ ಬಿಡುತ್ತಿಲ್ಲ. ಕಾನೂನಿನಲ್ಲಿ ಏನು ದಾರಿ ಇದೆ?

ನೀವು ಬರೆದದ್ದು ಇಷ್ಟು. ನೀವು ಇಂಡಿ ತಾಲ್ಲೂಕಿನವರು, ಕುಡಿತ ಬಿಡಿಸಲೆಂದು ಅಣ್ಣನನ್ನು ಬೆಳಗಾವಿ ಹತ್ತಿರದ ಖಾಸಗಿ ಕೇಂದ್ರಕ್ಕೆ ಸೇರಿಸಿ 40 ದಿನ ಆಯಿತು. ಅಲ್ಲಿಂದ ಹೊರಬಂದವರೊಬ್ಬರು ಫೋನ್ ಮಾಡಿ, ನಿಮ್ಮಣ್ಣನಿಗೆ ಪೈಪಿನಿಂದ ಹೊಡೆದಿದ್ದಾರೆ ಎಂದರು. ಭೇಟಿಗೆ ಹೋದರೆ ಅವರ ಆಳು ಪಕ್ಕದಲ್ಲೇ ನಿಲ್ಲುತ್ತಾನೆ. ಕೇಳಿದರೆ, ಮೂರು ತಿಂಗಳ ಪ್ಯಾಕೇಜ್ ಮುಗಿಯದೆ ಬಿಡುವುದಿಲ್ಲ, ನೀವೇ ಸಹಿ ಮಾಡಿದ್ದೀರಿ ಅನ್ನುತ್ತಾರೆ.

ಮೊದಲು ಆ ಸಹಿಯ ಹೆದರಿಕೆ ಬಿಡಿ. ಹೊಡೆಯಲು, ಕೂಡಿಹಾಕಲು ಅನುಮತಿ ಕೊಡುವ ಸಹಿ ಎಂಬುದು ಕಾನೂನಿನಲ್ಲಿ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯೆಯಲ್ಲೇ ಮದ್ಯ, ಮಾದಕ ವಸ್ತುಗಳ ಚಟದಿಂದ ಬರುವ ಮಾನಸಿಕ ಸ್ಥಿತಿಗಳು ಸೇರಿವೆ. ಹಾಗಾಗಿ ಇಂಥವರನ್ನು ಒಳಗಿಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ಆ ಕಾಯ್ದೆಯಡಿ ನೋಂದಣಿ ಮಾಡಿಸಿರಲೇಬೇಕು. ಗೋಡೆಗೆ ತೂಗುಹಾಕಿದ ಟ್ರಸ್ಟ್ ಅಥವಾ ಸಂಘದ ನೋಂದಣಿ ಪತ್ರ ತೋರಿಸಿದರೆ ನಂಬಬೇಡಿ, ಅದು ಬೇರೆಯೇ ಕಾಗದ. 20ನೇ ಕಲಂ ದೈಹಿಕ, ಮಾನಸಿಕ, ಲೈಂಗಿಕ ಹಿಂಸೆ ಮತ್ತು ಬೈಗುಳದಿಂದ ರಕ್ಷಣೆ ಕೊಡುತ್ತದೆ. ಒತ್ತಾಯದಿಂದ ತಲೆ ಬೋಳಿಸುವಂತಿಲ್ಲ, ಬಲವಂತವಾಗಿ ಕೆಲಸ ಮಾಡಿಸುವಂತಿಲ್ಲ. 95ನೇ ಕಲಂ ಪ್ರಕಾರ ಸರಪಳಿ ಹಾಕುವುದು ಯಾವ ಕಾರಣಕ್ಕೂ ನಿಷಿದ್ಧ. 97ನೇ ಕಲಂ ಒಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನು ನಿಷೇಧಿಸುತ್ತದೆ. ಕೈಕಾಲು ಕಟ್ಟುವುದಕ್ಕೂ ಮನೋವೈದ್ಯರ ಅನುಮತಿ ಬೇಕು, ಅದೂ ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಶಿಕ್ಷೆ ಎಂದು ಕಟ್ಟುವಂತಿಲ್ಲ. ಫೋನ್ ಮಾಡುವ, ಮನೆಯವರನ್ನು ಕಾಣುವ ಹಕ್ಕು 26ನೇ ಕಲಮಿನಲ್ಲಿದೆ.

ಇನ್ನು ಹೊರಗೆ ತರುವ ಮಾತು. ಅಣ್ಣ ತಾನೇ ಒಪ್ಪಿ ಸೇರಿದ್ದರೆ ಬಿಡುಗಡೆ ಕೇಳಿದ ಕೂಡಲೇ ಬಿಡಬೇಕು. ಕಾಯ್ದೆ ಹೇಳುವ ಕೆಲವು ಸಂದರ್ಭಗಳಲ್ಲಿ ಪರೀಕ್ಷೆಗೆಂದು ಹೆಚ್ಚೆಂದರೆ 24 ಗಂಟೆ ಇಟ್ಟುಕೊಳ್ಳಬಹುದು. ಅವರ ಒಪ್ಪಿಗೆ ಇಲ್ಲದೆ ಮನೆಯವರು ಸೇರಿಸಿದ್ದರೆ 89ನೇ ಕಲಂ ಬರುತ್ತದೆ. ಅದಕ್ಕೆ ಇಬ್ಬರು ತಜ್ಞರು, ಅವರಲ್ಲಿ ಒಬ್ಬರು ಮನೋವೈದ್ಯರು, ಪ್ರತ್ಯೇಕವಾಗಿ ಪರೀಕ್ಷೆ ಮಾಡಿರಬೇಕು, ಏಳು ದಿನದೊಳಗೆ ಮಾನಸಿಕ ಆರೋಗ್ಯ ಪುನರಾವಲೋಕನ ಮಂಡಳಿಗೆ (ಇಂಥ ದಾಖಲಾತಿಗಳನ್ನು ಪರಿಶೀಲಿಸಲು ಇದೇ ಕಾಯ್ದೆಯಡಿ ಇರುವ ಮಂಡಳಿ) ವರದಿ ಹೋಗಿರಬೇಕು, ಅವಧಿ 30 ದಿನ. ಅದು ಮೀರಿದರೆ ಇಬ್ಬರು ಮನೋವೈದ್ಯರ ಪರೀಕ್ಷೆ ಮತ್ತು ಮಂಡಳಿಯ ಅನುಮತಿ ಬೇಕು. ನಿಮ್ಮಲ್ಲಿ 40 ದಿನ ಆಗಿದೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಮಂಡಳಿಯ ಕಾಗದ ಎಲ್ಲಿ?

ಇದನ್ನು ಬಾಯಲ್ಲಿ ಕೇಳಬೇಡಿ. ಒಂದು ಹಾಳೆಯಲ್ಲಿ ದಿನಾಂಕ ಹಾಕಿ, ಅಣ್ಣನ ಹೆಸರು, ಸೇರಿದ ದಿನ, ‘ಇಂದೇ ಬಿಡುಗಡೆ ಮಾಡಿ, ಚಿಕಿತ್ಸೆಯ ದಾಖಲೆ ಮತ್ತು ಮಂಡಳಿಯ ಆದೇಶದ ಪ್ರತಿ ಕೊಡಿ’ ಎಂದು ಬರೆದು ಕೊಡಿ. ಸ್ವೀಕೃತಿ ಸಹಿ ಹಾಕದಿದ್ದರೆ ಅದೇ ಹಾಳೆಯ ಫೋಟೋ ಅವರ ವಾಟ್ಸಾಪ್ ನಂಬರಿಗೆ ಕಳಿಸಿ, ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಂ ಪ್ರಕಾರ ಅಕ್ರಮ ಬಂಧನ ಮೂರು ದಿನ ಅಥವಾ ಹೆಚ್ಚಾದರೆ ಮೂರು ವರ್ಷದವರೆಗೆ, ಹತ್ತು ದಿನ ಅಥವಾ ಹೆಚ್ಚಾದರೆ ಐದು ವರ್ಷದವರೆಗೆ ಶಿಕ್ಷೆ ಇದೆ. ಕೇಂದ್ರದವರು ‘ಅವರಾಗಿ ಇದ್ದರು’ ಎಂದೇ ವಾದ ಮಾಡುತ್ತಾರೆ. ನಿಮ್ಮ ಪತ್ರದ ದಿನಾಂಕದಿಂದಾಚೆಗೆ ಆ ವಾದ ನಿಲ್ಲುವುದು ಕಷ್ಟ.

ಆಮೇಲೂ ಬಿಡದಿದ್ದರೆ 112ಕ್ಕೆ ಫೋನ್ ಮಾಡಿ ಪೊಲೀಸರನ್ನು ಕರೆಸಿ. ಅದರಿಂದ ಆಗದಿದ್ದರೆ ಕೇಂದ್ರ ಇರುವ ಉಪವಿಭಾಗದ ಎ.ಸಿ. (ಸಹಾಯಕ ಆಯುಕ್ತ) ಅವರಿಗೆ ಅರ್ಜಿ ಕೊಡಿ (ಬೆಳಗಾವಿ ಜಿಲ್ಲೆಯಲ್ಲಿ ಬೆಳಗಾವಿ, ಬೈಲಹೊಂಗಲ, ಚಿಕ್ಕೋಡಿ ಎಂದು ಮೂರು ಉಪವಿಭಾಗ). ಅವರು ಉಪವಿಭಾಗದ ದಂಡಾಧಿಕಾರಿಯೂ ಹೌದು. ನಾಗರಿಕ ಸುರಕ್ಷಾ ಸಂಹಿತೆಯ 100ನೇ ಕಲಮಿನಡಿ, ಅಕ್ರಮವಾಗಿ ಕೂಡಿಹಾಕಿದ ವ್ಯಕ್ತಿಯನ್ನು ಹುಡುಕಿ ತರಲು ವಾರಂಟ್ ಹೊರಡಿಸಬಲ್ಲರು. ಈ ದಾರಿ ಬಹಳ ಜನಕ್ಕೆ ಗೊತ್ತೇ ಇಲ್ಲ, ನನ್ನ ಮಟ್ಟಿಗೆ ಇದೇ ಸಲೀಸು. ಕೊನೆಯದು ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಹೈಕೋರ್ಟನ್ನು ಕೇಳುವುದು. ವಿಜಯಪುರ ಜಿಲ್ಲೆ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಸೇರಿದರೂ ಅಣ್ಣ ಇರುವುದು ಬೆಳಗಾವಿ ಜಿಲ್ಲೆಯಲ್ಲಿ, ಆದ್ದರಿಂದ ಧಾರವಾಡ ಪೀಠಕ್ಕೆ ಹೋಗಿ.

ಬಾಕಿ ರೊಕ್ಕ ಕಟ್ಟಿದರೆ ಮಾತ್ರ ಬಿಡುತ್ತೇವೆ ಎಂದು ಪಟ್ಟು ಹಿಡಿದರೆ, ಆ ಗಳಿಗೆಯಲ್ಲಿ ಜಗಳಕ್ಕಿಂತ ಅಣ್ಣ ಮುಖ್ಯ. ಯುಪಿಐ ಮೂಲಕವೇ ಕಟ್ಟಿ, ರಸೀದಿಯ ಮೇಲೆ ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂದು ಬರೆಯಿರಿ. ‘ಯಾವ ದೂರೂ ಇಲ್ಲ, ಗುಣವಾಗಿ ಹೋಗುತ್ತಿದ್ದೇವೆ’ ಎಂಬ ಅಚ್ಚಾದ ಫಾರ್ಮಿಗೆ ಮಾತ್ರ ಸಹಿ ಹಾಕಬೇಡಿ.

ಹೊರಗೆ ಬಂದ ದಿನವೇ, ಮನೆಗೆ ಹೋಗುವ ಮೊದಲೇ, ಬೆಳಗಾವಿಯ ಬಿಮ್ಸ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ‘ಎಂ.ಎಲ್.ಸಿ. ಮಾಡಿ’ ಎಂದು ಬಾಯಿಬಿಟ್ಟು ಕೇಳಿ, ಅಂದರೆ ಪೊಲೀಸ್ ಪ್ರಕರಣಕ್ಕೆ ಬೇಕಾಗುವ ಗಾಯದ ಅಧಿಕೃತ ದಾಖಲೆ. ಹೆಚ್ಚಿನ ಪ್ರಕರಣ ಕೆಡುವುದು ಇಲ್ಲಿಯೇ: ಕುಡಿತದ ಕೇಂದ್ರದಿಂದ ಬಂದೆವು ಎನ್ನಲು ನಾಚಿ ಮನೆಯವರು ‘ಬಾತ್‌ರೂಮಿನಲ್ಲಿ ಜಾರಿ ಬಿದ್ದ’ ಎಂದು ಬರೆಸಿಬಿಡುತ್ತಾರೆ. ಆ ಒಂದು ಸಾಲನ್ನು ಎದುರು ಪಕ್ಷದ ವಕೀಲರು ಕೊನೆಯವರೆಗೂ ಬಿಡುವುದಿಲ್ಲ. ಯಾರು, ಯಾವಾಗ, ಯಾವುದರಿಂದ ಹೊಡೆದರು ಎಂಬುದನ್ನು ಅಣ್ಣನೇ ವೈದ್ಯರಿಗೆ ಹೇಳಲಿ. ಬೆನ್ನು, ತೊಡೆ, ಅಂಗಾಲು ಎಲ್ಲ ನೋಡಲು ಹೇಳಿ. ಎಲುಬಿನ ಮೇಲೆ ನೋವಿದ್ದರೆ ಎಕ್ಸ್‌ರೇ ಕೇಳಿ. ಎಲುಬು ಅಥವಾ ಹಲ್ಲು ಮುರಿದಿದ್ದರೆ ಅದು ಗಂಭೀರ ಗಾಯ, ನ್ಯಾಯ ಸಂಹಿತೆಯಲ್ಲಿ ಏಳು ವರ್ಷದವರೆಗೆ ಶಿಕ್ಷೆಯ 117ನೇ ಕಲಂ. ಗಾಯದ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ, ಒಂದು ಹತ್ತಿರದಿಂದ, ಒಂದು ಮುಖ ಕಾಣುವಂತೆ. ಮೂಲ ಫೋಟೋ ಅದೇ ಫೋನಿನಲ್ಲಿ ಇರಲಿ. ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ, ಎಲೆಕ್ಟ್ರಾನಿಕ್ ದಾಖಲೆಗೆ ಲಗತ್ತಿಸುವ ಪ್ರಮಾಣಪತ್ರ ಬೇಕಾಗುತ್ತದೆ.

ಎಫ್‌ಐಆರ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಬರೀ ‘ಹೊಡೆದರು’ ಎಂದು ಬರೆದರೆ ಅದು ನ್ಯಾಯ ಸಂಹಿತೆಯ 115(2), ಅಸಂಜ್ಞೇಯ ಅಪರಾಧ (ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ್ದು), ಠಾಣೆಯಲ್ಲಿ ಎನ್.ಸಿ., ಅಂದರೆ ಅಸಂಜ್ಞೇಯ, ಎಂದು ಬರೆದುಕೊಂಡು ಕಳಿಸಬಹುದು. ಅಕ್ರಮ ಬಂಧನ ಸಂಜ್ಞೇಯ, ಅದಕ್ಕೆ ಎಫ್‌ಐಆರ್ ಮಾಡಲೇಬೇಕು. ಆದ್ದರಿಂದ ಬಿಡುಗಡೆ ಕೇಳಿದ್ದು, ಬಿಡದೆ ಬೀಗ ಹಾಕಿ ಇಟ್ಟದ್ದು, ರೊಕ್ಕಕ್ಕೆ ತಡೆದದ್ದು ದೂರಿನ ಮೊದಲ ಪುಟದಲ್ಲೇ ಇರಲಿ. ‘ಬಹಳ ಕಿರುಕುಳ ಕೊಟ್ಟರು’ ಎಂಬ ಮಾತಿಗೆ ತೂಕವಿಲ್ಲ. ‘ಇಂಥ ತಾರೀಖು ರಾತ್ರಿ ಊಟವಾದ ಮೇಲೆ ಇಂಥ ಸಿಬ್ಬಂದಿ ನೀರಿನ ಪೈಪಿನಿಂದ ಎಡ ತೊಡೆಗೆ ಹೊಡೆದರು, ಆಗ ಕೋಣೆಯಲ್ಲಿ ಇಂಥಿಂಥವರು ಇದ್ದರು’ ಎಂಬುದಕ್ಕಿದೆ. ಜಾತಿ ಹಿಡಿದು ಬೈದಿದ್ದರೆ, ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ, ಬೈದ ಶಬ್ದಗಳನ್ನು ಇದ್ದ ಹಾಗೆಯೇ ಬರೆಯಿರಿ.

ದೂರು ಕೊಡಲು ಬೆಳಗಾವಿಗೇ ಹೋಗಬೇಕೆಂದಿಲ್ಲ. ಇಂಡಿ ಠಾಣೆಯಲ್ಲೇ ಝೀರೋ ಎಫ್‌ಐಆರ್ (ಘಟನೆ ಬೇರೆ ಠಾಣೆಯ ವ್ಯಾಪ್ತಿಯದಾದರೂ ದಾಖಲಿಸುವ ಎಫ್‌ಐಆರ್) ಆಗಬೇಕು, ಅದು ಅಲ್ಲಿಗೆ ವರ್ಗವಾಗುತ್ತದೆ, ಪ್ರತಿ ಉಚಿತ. ದಾಖಲಿಸದಿದ್ದರೆ ಅಂಚೆಯಲ್ಲಿ ಎಸ್.ಪಿ. ಅವರಿಗೆ (ಕೇಂದ್ರ ಬೆಳಗಾವಿ ನಗರದ ಮಿತಿಯೊಳಗಿದ್ದರೆ ಪೊಲೀಸ್ ಆಯುಕ್ತರಿಗೆ), ಅಲ್ಲೂ ಆಗದಿದ್ದರೆ ಅಫಿಡವಿಟ್‌ನೊಂದಿಗೆ ಮ್ಯಾಜಿಸ್ಟ್ರೇಟರಿಗೆ. ಈ ಮೆಟ್ಟಿಲು ಹಾರಿದರೆ ಅರ್ಜಿ ತಿರಸ್ಕಾರವಾಗುವ ಸಂಭವ ಹೆಚ್ಚು. ಸಿಸಿಟಿವಿ ದೃಶ್ಯ ಕಾಯ್ದಿಡಲು ಕೇಂದ್ರಕ್ಕೂ ಠಾಣೆಗೂ ಲಿಖಿತವಾಗಿ ಮೊದಲ ದಿನವೇ ಕೇಳಿ, ಹಳೆಯದರ ಮೇಲೆ ಹೊಸದು ತಾನಾಗಿ ದಾಖಲಾಗುತ್ತಾ ಹೋಗುತ್ತದೆ.

ಬೆಳಗಾವಿ ಜಿಲ್ಲಾ ಆರೋಗ್ಯಾಧಿಕಾರಿಗೆ ಪ್ರತ್ಯೇಕ ದೂರು ಕೊಡಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಜಿಲ್ಲಾ ಪ್ರಾಧಿಕಾರಕ್ಕೆ ಡಿ.ಸಿ. ಅಧ್ಯಕ್ಷರು. ಪುನರಾವಲೋಕನ ಮಂಡಳಿಗೆ ಅರ್ಜಿ ಹಾಕಲು ಶುಲ್ಕವಿಲ್ಲ. ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿಯಿಲ್ಲದೆ ನಡೆಸಿದರೆ ಮೊದಲ ಸಲ 5 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಮರುಕಳಿಸಿದರೆ ಏರುತ್ತಾ 5 ಲಕ್ಷದವರೆಗೆ. ಈ ದಂಡ ಕಡಿಮೆಯೆಂದೇ ನನ್ನ ಅಭಿಪ್ರಾಯ, ಆದರೆ ತಪಾಸಣೆ ನಡೆದರೆ ಒಳಗಿರುವ ಉಳಿದವರಿಗೂ ಬಿಡುಗಡೆ ಸಿಕ್ಕೀತು. ವೈದ್ಯರೇ ತಪ್ಪು ಮಾಡಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತು ಇದೆ.

ಕಟ್ಟಿದ ಹಣ ಮತ್ತು ಪರಿಹಾರಕ್ಕೆ ಗ್ರಾಹಕರ ಆಯೋಗ. ಅವಸರವಿಲ್ಲ, ಎರಡು ವರ್ಷ ಸಮಯವಿದೆ. ನೀವಿರುವ ಜಿಲ್ಲೆಯಲ್ಲೇ, ಅಂದರೆ ವಿಜಯಪುರದಲ್ಲೇ ಹಾಕಬಹುದು. ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಸರ್ಕಾರಿ ಆಸ್ಪತ್ರೆಯ ಉಚಿತ ಚಿಕಿತ್ಸೆಗೆ ಈ ದಾರಿ ಇಲ್ಲ. ಅಲ್ಲಿ ಹಿಂಸೆ ಆದರೆ ಒಂದು ವರ್ಷದೊಳಗೆ ರಾಜ್ಯ ಮಾನವ ಹಕ್ಕುಗಳ ಆಯೋಗ.

ವಕೀಲರ ಖರ್ಚಿಗೆ ಹಿಂಜರಿಯಬೇಡಿ, ಮಾನಸಿಕ ಆರೋಗ್ಯ ಕಾಯ್ದೆಯ 27ನೇ ಕಲಂ ಅಣ್ಣನಿಗೆ ಉಚಿತ ಕಾನೂನು ನೆರವಿನ ಹಕ್ಕು ಕೊಡುತ್ತದೆ. 15100ಕ್ಕೆ ಕರೆ ಮಾಡಿ, ಇಲ್ಲವೇ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.

ಮತ್ತೊಂದು, ಕಾನೂನಿನದಲ್ಲದಿದ್ದರೂ ಅಷ್ಟೇ ಮುಖ್ಯ. ಅಲ್ಲಿ ಕೊಡುತ್ತಿದ್ದ ಮಾತ್ರೆಗಳ ಪಟ್ಟಿ ತಪ್ಪದೆ ತನ್ನಿ. ಕೆಲವು ನಿದ್ದೆಯ, ಆತಂಕದ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಪಟ್ಟಿ ಕೊಡದಿದ್ದರೆ ಉಳಿದ ಮಾತ್ರೆಯ ಚೀಟಿಗಳನ್ನೇ ಹಿಡಿದುಕೊಂಡು ಬಿಮ್ಸ್‌ನ ಮನೋವೈದ್ಯರನ್ನೋ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸನ್ನೋ ಆ ವಾರದಲ್ಲೇ ಕಾಣಿ. ಅಲ್ಲಿನ ವೈದ್ಯರು ಬರೆಯುವ ಟಿಪ್ಪಣಿ ಪ್ರಕರಣಕ್ಕೂ ಆಧಾರವಾಗುತ್ತದೆ.